ಯಾರ ಮುಖಕ್ಕೆ ಈ ಕವಚ?

ಕಟ್ಟಡ ಕಾಮಗಾರಿಯಲ್ಲಿ ಕಾರ್ಮಿಕನೊಬ್ಬನ ಕಣ್ಣಿಗೋ ಕೆನ್ನೆಗೋ ಗಾಯವಾದಾಗ ತುಂಬುವ ವರದಿಯಲ್ಲಿ ‘ಕಾರಣ’ ಎಂಬ ಅಂಕಣವೊಂದಿರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಕಾಣುವುದು ಒಂದೇ ವಾಕ್ಯ: ಕಾರ್ಮಿಕನು ಮುಖಕವಚ ಧರಿಸಿರಲಿಲ್ಲ. ಮಸ್ಕತ್, ಸೊಹಾರ್, ದುಕ್ಮ್‌ಗಳ ಕಾಮಗಾರಿಗಳಲ್ಲಿ ಈ ವಾಕ್ಯವನ್ನು ಬರೆಯುವ ಸುರಕ್ಷತಾ ಅಧಿಕಾರಿಗಳಲ್ಲಿ, ಸೈಟ್ ಎಂಜಿನಿಯರುಗಳಲ್ಲಿ ಕನ್ನಡಿಗರೂ ಇದ್ದಾರೆ. ವಾಕ್ಯ ಸುಳ್ಳಲ್ಲ. ಆದರೆ ಅದು ಕಾರಣವೂ ಅಲ್ಲ. ಧರಿಸಲಾಗದ ವಸ್ತುವನ್ನು ಕೈಗಿತ್ತು, ಧರಿಸದ ತಪ್ಪನ್ನು ಪಡೆದವನ ತಲೆಗೇ ಕಟ್ಟುವ ಏರ್ಪಾಡಿಗೆ ನಾವು ‘ಸುರಕ್ಷತಾ ಸಂಸ್ಕೃತಿ’ ಎಂಬ ದೊಡ್ಡ ಹೆಸರಿಟ್ಟಿದ್ದೇವೆ.

ಹೆಲ್ಮೆಟ್ಟಿಗೆ ಜೋಡಿಸುವ ಮುಖಕವಚವನ್ನು ಯಾವ ಅಳತೆಗೋಲಿನಿಂದ ಪರೀಕ್ಷಿಸುತ್ತಾರೆಂಬುದನ್ನು ಮೊದಲು ನೋಡೋಣ. ದೀರ್ಘಕಾಲದಿಂದ ಬಳಕೆಯಲ್ಲಿರುವ ಯುರೋಪಿನ ‘ಇಎನ್ 166’ ಮಾನದಂಡದ ಪ್ರಕಾರ 6 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಕವಚಕ್ಕೆ ಹೊಡೆಯುತ್ತಾರೆ. ಸೆಕೆಂಡಿಗೆ 45 ಮೀಟರ್ ವೇಗದ ಹೊಡೆತ ತಡೆದರೆ ‘ಎಫ್’ ಗುರುತು, 120 ಮೀಟರ್ ತಡೆದರೆ ‘ಬಿ’, 190 ತಡೆದರೆ ‘ಎ’. ವಿಪರೀತ ಉಷ್ಣಾಂಶದಲ್ಲೂ ಹಾಳೆ ಒಡೆಯದೆಂದು ಹೇಳಬೇಕಾದರೆ ಅದನ್ನು 55 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಪರೀಕ್ಷಿಸಿ ‘ಟಿ’ ಎಂಬ ಗುರುತು ಕೊಡುತ್ತಾರೆ. ಒಳ್ಳೆಯದೇ. ಪಾಲಿಕಾರ್ಬೊನೇಟ್ ಹಾಳೆ 55 ಡಿಗ್ರಿಯಲ್ಲಿ ಬದುಕುತ್ತದೆಯೇ ಎಂದು ಕೇಳಿದವರು, ಅದರ ಹಿಂದಿರುವ ಮನುಷ್ಯ ಬದುಕುತ್ತಾನೆಯೇ ಎಂದು ಕೇಳಲಿಲ್ಲ. ಮಬ್ಬು ಕಟ್ಟದಿರುವ ಗುಣಕ್ಕೆ ‘ಎನ್’ ಎಂಬ ಗುರುತಿದೆ. ಅದು ಕಡ್ಡಾಯವಲ್ಲ, ಐಚ್ಛಿಕ. ಆ ಗುರುತು ಪಡೆಯಲು ಪ್ರಯೋಗಾಲಯದ ಬಿಸಿನೀರಿನ ಆವಿಯೆದುರು ಹಾಳೆ ಎಷ್ಟು ಹೊತ್ತು ಸ್ವಚ್ಛವಾಗಿ ಉಳಿಯಬೇಕು? ಎಂಟು ಸೆಕೆಂಡು.

ಒಮಾನಿನ ಕರಾವಳಿಯ ಬೇಸಿಗೆಯನ್ನು ಈ ಎಂಟು ಸೆಕೆಂಡಿನ ಪಕ್ಕದಲ್ಲಿಟ್ಟು ನೋಡಿ. 2018ರ ಜೂನ್ 26ರಂದು ಮಸ್ಕತ್ತಿನ ಆಗ್ನೇಯಕ್ಕಿರುವ ಕುರಯ್ಯಾತ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಉಷ್ಣಾಂಶ 42.6 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಅದು ಹಗಲಿನ ಗರಿಷ್ಠವಲ್ಲ, ರಾತ್ರಿಯ ಕನಿಷ್ಠ. ಗಾಳಿ ಚರ್ಮಕ್ಕಿಂತ ಬಿಸಿಯಾದಾಗ ದೇಹಕ್ಕೆ ತಂಪಾಗಲು ಉಳಿಯುವ ದಾರಿ ಬೆವರು ಆರುವುದೊಂದೇ. ಕಡಲ ತೇವ ಅದಕ್ಕೂ ಅಡ್ಡಿ. ಅಂಥಲ್ಲಿ ಮುಖದ ಮುಂದೆ ಗಾಳಿಯಾಡದ ಹಾಳೆಯೊಂದನ್ನು ಇಳಿಬಿಡುವುದೆಂದರೆ, ದೇಹ ತೆರೆದಿಟ್ಟ ಕೊನೆಯ ಕಿಟಕಿಗಳಲ್ಲೊಂದನ್ನು ಮುಚ್ಚಿದಂತೆ. ಒಮಾನಿನ ಕಾನೂನಿಗೆ ದೇಹದ ಮಿತಿ ಗೊತ್ತಿದೆ. 2008ರ 286ನೆಯ ಸಚಿವಾಲಯ ನಿರ್ಣಯದಂತೆ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನ ದುಡಿಮೆ ನಿಷಿದ್ಧ. ಗಡಿಯಾರಕ್ಕೆ ಒಪ್ಪಿಸಿದ ಈ ವಿವೇಕ ಮುಖಕವಚ ಕೊಳ್ಳುವ ಖರೀದಿ ಪಟ್ಟಿಯವರೆಗೆ ಇನ್ನೂ ಬಂದಿಲ್ಲ.

ನಾನು ಪಾಲಿಮರ್ ವಸ್ತುಗಳ ಮೇಲೆ ಸಂಶೋಧನೆ ಮಾಡುವವನು. ಹಾಳೆಯ ಗುಣಗಳ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲೆ. ಆದರೆ ನನ್ನ ಲೇಖನಗಳಲ್ಲೆಲ್ಲೂ ಇಲ್ಲದ ಮಾಹಿತಿಯನ್ನು ಕೊಟ್ಟವನು ಬರ್ಕಾ ಸಮೀಪದ ಕಾಮಗಾರಿಯೊಂದರಲ್ಲಿ ಕಲ್ಲು ಕೊಯ್ಯುತ್ತಿದ್ದ ರಾಯಚೂರು ಕಡೆಯ ಯುವಕ. ಕವಚವನ್ನು ಹೆಲ್ಮೆಟ್ಟಿನ ಮೇಲಕ್ಕೆ ಎತ್ತಿಟ್ಟುಕೊಂಡೇ ಕೆಲಸ ಮಾಡುತ್ತಿದ್ದ. ಯಾಕೆಂದು ಕೇಳಿದೆ. “ಇಳಿಸಿದ್ರ ಐದು ಮಿನಿಟಿಗೆ ಒಳಗ ಮಬ್ಬಾಗತೈತ್ರಿ ಸರ. ಗೆರಿ ಕಾಣಂಗಿಲ್ಲ. ಗೆರಿ ತಪ್ಪಿದ್ರ ಕಲ್ಲಿನ ರೊಕ್ಕ ಪಗಾರದಾಗ ಹಿಡೀತಾರ” ಎಂದ. ಅಜ್ಞಾನವೆಂದು ನಾವು ಕರೆಯುವುದರ ಒಳಗೆ ಇಷ್ಟು ನಿಖರವಾದ ಲೆಕ್ಕಾಚಾರವಿತ್ತು. ಕಣ್ಣು ಹೋಗುವುದು ಸಂಭಾವ್ಯತೆ, ಸಂಬಳ ಕಡಿತ ಖಚಿತ. ಮೇಲಾಗಿ, ಮಬ್ಬಾದ ಹಾಳೆಯ ಹಿಂದೆ ತಿರುಗುವ ಡಿಸ್ಕನ್ನು ಹಿಡಿದವನು ಸುರಕ್ಷಿತನಲ್ಲ, ಕುರುಡ. ಧೂಳಿನ ಮಾಸ್ಕ್ ಕೂಡ ಹಾಕಿಕೊಂಡರೆ ಉಸಿರು ಮೇಲಕ್ಕೆ ನುಗ್ಗಿ ಮಬ್ಬು ಇನ್ನೂ ಬೇಗ ಕಟ್ಟುತ್ತದೆ; ಮಾಸ್ಕ್ ತೆಗೆದರೆ ಸಿಲಿಕಾ ಧೂಳು ಶ್ವಾಸಕೋಶಕ್ಕೆ. ಎರಡು ರಕ್ಷಣೆಗಳು ಪರಸ್ಪರ ಜಗಳವಾಡುವಂತೆ ರೂಪಿಸಿ, ತೀರ್ಪನ್ನು ಅವನಿಗೆ ಬಿಟ್ಟಿದ್ದೇವೆ.

“ಕಣ್ಣು ಕಳೆದುಕೊಳ್ಳುವುದಕ್ಕಿಂತ ಬೆವರುವುದು ಮೇಲಲ್ಲವೇ?” ಎಂದು ಕೇಳುವ ಎಂಜಿನಿಯರ್ ಮಿತ್ರರಿಗೆ ಒಂದು ಸರಳ ಗುಣಾಕಾರ. 115 ಮಿಲಿಮೀಟರ್ ಡಿಸ್ಕಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 66 ಮೀಟರ್. ‘ಎಫ್’ ಗುರುತಿನ ಅಗ್ಗದ ಕವಚ ಪರೀಕ್ಷೆಗೆ ಒಳಗಾಗಿರುವುದು 45ಕ್ಕೆ. ಇನ್ನು ಡಿಸ್ಕೇ ಒಡೆದರೆ? ಪರೀಕ್ಷೆಯ ಗುಂಡಿನ ತೂಕ ಒಂದು ಗ್ರಾಮಿಗೂ ಕಡಿಮೆ. ಒಡೆದ ಡಿಸ್ಕಿನ ತುಂಡು ಅದರ ಹತ್ತಾರು ಪಟ್ಟು. ಅದನ್ನು ತಡೆಯಬೇಕಾದದ್ದು ಯಂತ್ರದ ಮೇಲಿನ ಗಾರ್ಡ್. ಆ ಗಾರ್ಡನ್ನು ಬಿಚ್ಚಿ, ಯಂತ್ರಕ್ಕೆ ಹೊಂದದ ದೊಡ್ಡ ಡಿಸ್ಕ್ ಹಾಕುವುದು ಯಾಕೆ? ಸರಿಯಾದ ಯಂತ್ರ ಕೊಳ್ಳಲು ಯಾರೋ ಒಪ್ಪದಿದ್ದುದಕ್ಕೆ. ನೀರು ಹರಿಸಿ ಕಲ್ಲು ಕೊಯ್ದರೆ ಧೂಳು ಹುಟ್ಟಿದಲ್ಲೇ ಅಡಗುತ್ತದೆ. ಅಮೆರಿಕದ 2016ರ ಸಿಲಿಕಾ ನಿಯಮ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಅಪಾಯವನ್ನು ಮೂಲದಲ್ಲಿ ತಗ್ಗಿಸುವ ಖರ್ಚು ಕಂಪನಿಯದು, ಮುಖಕ್ಕೆ ಕವಚ ಕಟ್ಟಿಕೊಳ್ಳುವ ಹೊಣೆ ಕಾರ್ಮಿಕನದು. ಸುರಕ್ಷತಾ ಸಾಧನಗಳಲ್ಲಿ ಕವಚಕ್ಕೆ ಇಷ್ಟು ಪ್ರಚಾರ ಸಿಗುವುದರ ಗುಟ್ಟು ಇದೇ ಎಂಬುದು ನನ್ನ ಅನುಮಾನ.

ಸುರಕ್ಷತಾ ಪಾಠಗಳಲ್ಲಿ ಇನ್ನೊಂದು ಸಂಗತಿ ಬರುತ್ತದೆ. ಸಿಮೆಂಟು ತೀವ್ರ ಕ್ಷಾರ; ಕಣ್ಣಿಗೆ ಸಿಡಿದರೆ ಕೂಡಲೇ ಹದಿನೈದು ನಿಮಿಷ ನೀರಿನಿಂದ ತೊಳೆಯಬೇಕು. ಅಮೆರಿಕದ ಮಾನದಂಡದಂತೆ ಆ ನೀರು 16ರಿಂದ 38 ಡಿಗ್ರಿಯೊಳಗಿರಬೇಕು. ಜುಲೈ ತಿಂಗಳಿನಲ್ಲಿ ಬಿಸಿಲಿಗೆ ಬಿದ್ದ ಪೈಪಿನಿಂದ ಬರುವ ನೀರಿಗೆ ಕೈಯೊಡ್ಡಿ ನೋಡಿದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ.

ನಮ್ಮ ವಿಶ್ವವಿದ್ಯಾಲಯಗಳೂ ಇದರಿಂದ ಹೊರತಲ್ಲ. ‘ಸ್ಮಾರ್ಟ್ ಹೆಲ್ಮೆಟ್’ ಎಂಬ ವಿದ್ಯಾರ್ಥಿ ಯೋಜನೆಗಳನ್ನು ಎಷ್ಟು ನೋಡಿದೆನೋ! ಹವಾನಿಯಂತ್ರಿತ ಕೊಠಡಿಯಲ್ಲಿ ತ್ರಿಡಿ ಮುದ್ರಣ, ಸಹಪಾಠಿಯೊಬ್ಬನ ತಲೆಯ ಮೇಲೆ ಛಾಯಾಚಿತ್ರ, ನಂತರ ಬಹುಮಾನ. ಮುಖದ ಅಳತೆಗಳ ಚರಿತ್ರೆಯೂ ಹೀಗೆಯೇ. ಅಮೆರಿಕದಲ್ಲಿ ಉಸಿರಾಟದ ಮಾಸ್ಕುಗಳ ಗಾತ್ರವನ್ನು ದಶಕಗಳ ಕಾಲ ನಿರ್ಧರಿಸಿದ್ದು 1960ರ ದಶಕದಲ್ಲಿ ಅಳೆದ ವಾಯುಪಡೆಯ ಸಿಬ್ಬಂದಿಯ ಮುಖಗಳು. 2003ರಲ್ಲಿ ಅಲ್ಲಿನ ಔದ್ಯೋಗಿಕ ಆರೋಗ್ಯ ಸಂಸ್ಥೆ ‘ನಿಯಾಷ್’ 3,997 ಜನ ದುಡಿಯುವವರನ್ನೇ ಅಳೆದ ಮೇಲೆ ಆ ಕೋಷ್ಟಕ ಬದಲಾಯಿತು. ದುಡಿಯುವವನ ಮುಖವನ್ನು ಅಳೆಯುವುದು ಅಸಾಧ್ಯವೇನಲ್ಲವೆಂದಾಯಿತು. ಕಲಬುರಗಿಯ, ಸಿಲ್ಹೆಟ್‌ನ, ಪೇಶಾವರದ ಮುಖಗಳಿಗೆ, ಗಡ್ಡಗಳಿಗೆ, ಹೆಲ್ಮೆಟ್ಟಿನಡಿ ಸುತ್ತಿಕೊಂಡ ಒದ್ದೆ ಟವೆಲುಗಳಿಗೆ ಆ ಗೌರವ ಎಂದು ಸಲ್ಲುತ್ತದೆ? ಟವೆಲಿನ ವಿಷಯ ಸಣ್ಣದಲ್ಲ. ಅದು ಹೆಲ್ಮೆಟ್ಟನ್ನು ತಲೆಯಿಂದ ಎತ್ತರಿಸಿ ಸಡಿಲಗೊಳಿಸುತ್ತದೆ. ಮುಂದೆ ತೂಗುವ ಕವಚದ ಭಾರಕ್ಕೆ ಹೆಲ್ಮೆಟ್ಟೇ ಮೂಗಿನ ಮೇಲೆ ಜಾರುತ್ತದೆ. “ಟವೆಲ್ ತೆಗಿ” ಎನ್ನುವುದು ಸುಲಭ. ತಲೆಯನ್ನು ತಂಪಾಗಿಡುವ ಬೇರೆ ಉಪಾಯವನ್ನು ವಿನ್ಯಾಸದೊಳಗೇ ತರುವುದು ನಮ್ಮ ಕೆಲಸ.

ಏನು ಮಾಡಬಹುದೆಂಬುದು ತಿಳಿಯದ ವಿಷಯವಲ್ಲ. ಕಿಡಿ ಒಳನುಗ್ಗದಂತೆ ತಿರುವು ಕೊಟ್ಟು, ಹಣೆಯ ಭಾಗದಲ್ಲಿ ಬಿಸಿಗಾಳಿ ಹೊರಹೋಗುವ ಸಂದು ಬಿಡಬಹುದು. ಗೀರು ಬಿದ್ದಾಗ ಇಡೀ ಕವಚ ಎಸೆಯದೆ ಸುಲಿದು ಬದಲಿಸುವ ಹೊರಪದರ ಹಾಕಬಹುದು. ಮರಳು ಧೂಳಿನ ನಾಡಿನಲ್ಲಿ ಅಂಗಿಯ ತುದಿಯಿಂದ ಒರೆಸಿದ ಹಾಳೆ ಕೆಲವೇ ದಿನಗಳಲ್ಲಿ ಗೀರುಗಟ್ಟುತ್ತದೆ. ಇದಕ್ಕೆಲ್ಲ ಮೊದಲು ಆಗಬೇಕಾದದ್ದು ಒಂದು: ಜುಲೈ ತಿಂಗಳಿನಲ್ಲಿ, ನಿಜವಾದ ಕಾಮಗಾರಿಯಲ್ಲಿ, ಪೂರ್ಣ ಸಂಬಳ ಕೊಟ್ಟು ಕಾರ್ಮಿಕರಿಂದಲೇ ಕವಚಗಳನ್ನು ಪರೀಕ್ಷಿಸಿ, ಅವರು ತಿರಸ್ಕರಿಸಿದ್ದನ್ನು ಕೊಳ್ಳದಿರುವುದು. ಕವಚ ಹಾಕಿ ಮಾಡುವ ಕೆಲಸ ನಿಧಾನವಾಗುತ್ತದೆ, ನಡುನಡುವೆ ವಿಶ್ರಾಂತಿ ಬೇಕಾಗುತ್ತದೆ ಎಂಬುದನ್ನು ಟೆಂಡರಿನ ದಿನಗಣನೆಯಲ್ಲೇ ಸೇರಿಸಬೇಕು. ಸುರಕ್ಷತೆಯ ಖರ್ಚು ಕಾರ್ಮಿಕನ ಮೇಲೆ ಬೀಳಕೂಡದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 155ನೆಯ ಒಡಂಬಡಿಕೆ 1981ರಲ್ಲೇ ಹೇಳಿದೆ; 2022ರಲ್ಲಿ ಅದು ಮೂಲಭೂತ ಒಡಂಬಡಿಕೆಗಳ ಸಾಲಿಗೆ ಸೇರಿತು. ಮುಖಕವಚ ಹಾಕಿಕೊಂಡು ನಿಧಾನವಾದದ್ದಕ್ಕೆ ಕಡಿತವಾಗುವ ಸಂಬಳವೂ ಖರ್ಚೇ.

ಒಮಾನಿನ ಕನ್ನಡಿಗರ ರಾಜ್ಯೋತ್ಸವದ ವೇದಿಕೆಗಳಲ್ಲಿ ದಾಸೋಹದ, ಕಾಯಕದ ಮಾತು ಸಮೃದ್ಧವಾಗಿ ಕೇಳುತ್ತದೆ. ಸಭಾಂಗಣದ ಮುಂದಿನ ಸಾಲುಗಳಲ್ಲಿ ಖರೀದಿ ಪಟ್ಟಿಗೆ ಸಹಿ ಹಾಕುವವರಿರುತ್ತಾರೆ, ಅಪಘಾತದ ವರದಿ ಬರೆಯುವವರಿರುತ್ತಾರೆ. ಅವರಲ್ಲಿ ನನ್ನದೊಂದು ಕೋರಿಕೆ. ‘ಕವಚ ಧರಿಸಿರಲಿಲ್ಲ’ ಎಂದು ಬರೆಯುವ ಅಂಕಣದ ಪಕ್ಕದಲ್ಲಿ ಇನ್ನು ನಾಲ್ಕು ಅಂಕಣ ಸೇರಿಸಿ: ಆ ಹೊತ್ತಿನ ಉಷ್ಣಾಂಶ ಮತ್ತು ತೇವಾಂಶ ಎಷ್ಟಿತ್ತು, ಕವಚದ ಮೇಲೆ ಯಾವ ಗುರುತಿತ್ತು, ಯಂತ್ರಕ್ಕೆ ಗಾರ್ಡ್ ಇತ್ತೇ, ಅದನ್ನು ಕೊಂಡವರ ಹೆಸರೇನು.