ಕೆಂಪು ಶಾಯಿ ಮತ್ತು ಪರದೇಶಿಯ ಟಿಪ್ಪಣಿ ಪುಸ್ತಕ

ಹೋದ ವರ್ಷ ದೀಪಾವಳಿಗೆ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಸಂಜೆ ನಮ್ಮ ಮನೆಗೆ ಬಂದ. ಜಮಖಂಡಿಯ ಹುಡುಗ; ಈಗ ದಕ್ಷಿಣ ಕೊರಿಯಾದ ಸುವೊನ್ ಎಂಬ ನಗರದಲ್ಲಿ ಎಂಜಿನಿಯರ್. ಅವನು ಇರುವ ಕಟ್ಟಡದಲ್ಲಿಯೇ ಕೆನಡಾ ದೇಶದ ಒಬ್ಬ ತರುಣ ಇದ್ದಾನಂತೆ. ಕೊರಿಯಾದಲ್ಲಿ ಶಾಲೆ ಬಿಟ್ಟ ಮೇಲೆ ಮಕ್ಕಳು ಹೋಗುವ ಖಾಸಗಿ ಪಾಠಶಾಲೆಗಳಿಗೆ 'ಹಾಗ್ವಾನ್' ಎನ್ನುತ್ತಾರೆ. ಇಂಗ್ಲಿಷ್ ಮಾತೃಭಾಷೆಯಾಗಿರುವ ಎಷ್ಟೋ ಪರದೇಶಿಗಳು ಅಂಥಲ್ಲಿ ಇಂಗ್ಲಿಷ್ ಕಲಿಸಿ ಜೀವನ ಮಾಡುತ್ತಾರೆ. ಈ ತರುಣನೂ ಅಂಥವನೊಬ್ಬ. ದಿನವೂ ರಾತ್ರಿ ತಾನು ಕಂಡದ್ದನ್ನೆಲ್ಲ ಬರೆದಿಡುವುದು ಅವನ ರೂಢಿ.

"ಅವಗ ಒಂದು ದೊಡ್ಡ ಆಶ್ಚರ್ಯ ಏನಪಾ ಅಂದ್ರ, ಸರ್ರ, ಅಲ್ಲಿ ಜನ ಭೇಟಿಯಾದ ಕೂಡಲೇ 'ಅನ್ನ ಉಂಡಿರೇನು?' ಅಂತ ಕೇಳ್ತಾರ. ಮೊದಮೊದಲು ಇವ ಖರೇನ ಊಟಕ್ಕ ಕರೀಲಿಕತ್ತಾರ ಅಂತ ತಿಳ್ಕೊಂಡಿದ್ನಂತ. ನನಗ ಅದರಾಗ ಆಶ್ಚರ್ಯ ಅನ್ನೂದು ಏನೂ ಕಾಣಲಿಲ್ಲ" ಎಂದು ನಮ್ಮ ಹುಡುಗ ನಕ್ಕ.

ಅವನಿಗೆ ಹೇಗೆ ಕಂಡೀತು? 'ಊಟ ಆತೇನ್ರಿ?' ಎಂಬುದೇ ನಮಸ್ಕಾರವಾಗಿರುವ ಊರಿನಲ್ಲಿ ಬೆಳೆದವನು ಅವನು. ಕೊರಿಯನ್ನರು 'ನನ್ನ ತಾಯಿ' ಎನ್ನದೆ 'ನಮ್ಮ ತಾಯಿ' ಎನ್ನುವುದು, ಎದುರಿಗಿರುವವರ ವಯಸ್ಸು ತಿಳಿದ ಮೇಲೆಯೇ ಎಷ್ಟು ಗೌರವದ ಕ್ರಿಯಾಪದ ಬಳಸಬೇಕೆಂದು ನಿರ್ಧರಿಸುವುದು, ಚಪ್ಪಲಿಯನ್ನು ಹೊಸ್ತಿಲ ಹೊರಗೆ ಬಿಡುವುದು, ಇವೆಲ್ಲ ಕೆನಡಾದವನ ಪುಸ್ತಕದಲ್ಲಿ ಪುಟಗಟ್ಟಲೆ ತುಂಬಿವೆಯಂತೆ. ಜಮಖಂಡಿಯವನ ಪುಸ್ತಕವಿದ್ದಿದ್ದರೆ ಆ ಪುಟಗಳು ಖಾಲಿಯಾಗಿಯೇ ಉಳಿಯುತ್ತಿದ್ದವು. ಅಭ್ಯಾಸವಾದದ್ದು ಕಣ್ಣಿಗೆ ಕಾಣುವುದಿಲ್ಲ. ಹೊರಗಿನಿಂದ ಬಂದವನಿಗೆ ಕಾಣುತ್ತದೆ. ಈ ಸರಳ ಮಾತು ನನ್ನನ್ನು ಅಂದು ರಾತ್ರಿ ಬಹಳ ಹೊತ್ತು ನಿದ್ದೆಗೆಡಿಸಿತು. ಅದರ ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ಕೊರಿಯಾಕ್ಕೆ ಹೋದ ಇಂಗ್ಲಿಷ್ ಮೇಷ್ಟ್ರುಗಳಲ್ಲಿ ಬಹು ಹಿಂದಿನವರೊಬ್ಬರು ಅಮೆರಿಕದ ಹೋಮರ್ ಹಲ್ಬರ್ಟ್. 1886ರಲ್ಲಿ ಅಲ್ಲಿನ ರಾಜಶಾಲೆಗೆ ಅಧ್ಯಾಪಕರಾಗಿ ಬಂದವರು. ಬೀದಿಯಲ್ಲಿ, ಹೊಲದಲ್ಲಿ ಎಲ್ಲೆಲ್ಲೂ ಜನ ಗುನುಗುತ್ತಿದ್ದ 'ಆರಿರಾಂಗ್' ಎಂಬ ಹಾಡನ್ನು ಕೇಳಿ, 1896ರಲ್ಲಿ ಅದನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದು ಪ್ರಕಟಿಸಿದರು. ಜನರ ಬಾಯಲ್ಲಿದ್ದ ಹಾಡು ಹೀಗೆ ಕಾಗದಕ್ಕೆ ಬಂತು. 2012ರಲ್ಲಿ ಯುನೆಸ್ಕೊ ಅದನ್ನು ಮನುಕುಲದ ಪರಂಪರೆಯೆಂದು ಪಟ್ಟಿಗೆ ಸೇರಿಸಿತು. ಹಲ್ಬರ್ಟ್ ಬರಿಯ ಟಿಪ್ಪಣಿಕಾರರಾಗಿ ಉಳಿಯಲಿಲ್ಲ. ಜಪಾನು ಆ ದೇಶವನ್ನು ನುಂಗುತ್ತಿದ್ದಾಗ, 1907ರಲ್ಲಿ ಕೊರಿಯಾದ ದೊರೆಯ ಪರವಾಗಿ ಹೇಗ್ ನಗರದವರೆಗೂ ಹೋಗಿ ಮೊರೆಯಿಡಲು ಯತ್ನಿಸಿದರು. 1949ರಲ್ಲಿ ಮರಳಿ ಸೋಲ್‌ಗೆ ಬಂದು ಅಲ್ಲಿಯೇ ಕಣ್ಣು ಮುಚ್ಚಿದರು. ಅವರ ಸಮಾಧಿ ಇಂದಿಗೂ ಅಲ್ಲಿದೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮುಧೋಳ ತಾಲ್ಲೂಕಿನ ಹಲಗಲಿ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಸರಕಾರದ ಕಾನೂನು ಬಂದಾಗ, ಬೇಟೆಯನ್ನೇ ಬಾಳಾಗಿಸಿಕೊಂಡಿದ್ದ ಹಲಗಲಿಯ ಬೇಡರು ಅದನ್ನು ಧಿಕ್ಕರಿಸಿದರು. ಕಂಪನಿಯ ದಂಡು ಊರಿಗೆ ಬೆಂಕಿಯಿಟ್ಟಿತು. 19 ಜನರನ್ನು ಗಲ್ಲಿಗೇರಿಸಲಾಯಿತು. ಆ ಕಥೆಯ ಲಾವಣಿಯನ್ನು ಹತ್ತನೆಯ ತರಗತಿಯ ಪಠ್ಯದಲ್ಲಿ ಎಷ್ಟೋ ಮಕ್ಕಳು ಓದಿದ್ದಾರೆ. ಅದನ್ನು ಕಟ್ಟಿದ ಕವಿ ಕುರ್ತಕೋಟಿಯ ಕಲ್ಮೇಶನನ್ನು ನೆನೆಯುತ್ತಾನೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅದನ್ನು ಬರೆಯಿಸಿಕೊಂಡು ಅಚ್ಚಿಗೆ ಕೊಟ್ಟವರು ಯಾರು? ಆ ಬೆಂಕಿಯಿಟ್ಟ ಆಳ್ವಿಕೆಯದೇ ಒಬ್ಬ ಅಧಿಕಾರಿ, ಜಾನ್ ಫೇತ್‌ಫುಲ್ ಫ್ಲೀಟ್.

ಫ್ಲೀಟ್ ಸಾಹೇಬರು 1867ರಲ್ಲಿ ಮುಂಬಯಿ ಪ್ರಾಂತದ ನೌಕರಿಗೆ ಬಂದವರು. 1872ರಲ್ಲಿ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್, 1875ರಲ್ಲಿ ಕೊಲ್ಹಾಪುರ ಹಾಗೂ ದಕ್ಷಿಣ ಮರಾಠಾ ಸೀಮೆಯ ಸಹಾಯಕ ಪೊಲಿಟಿಕಲ್ ಏಜೆಂಟ್. ನಮ್ಮ ಜಮಖಂಡಿ, ಮುಧೋಳ ಸಂಸ್ಥಾನಗಳು ಆ ಸೀಮೆಯೊಳಗೇ ಇದ್ದವು. ಐಹೊಳೆಯ ಪುಲಕೇಶಿಯ ಶಾಸನವನ್ನು ಓದಿ ಪ್ರಕಟಿಸಿದ್ದೂ ಅವರೇ. 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅವರು ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನ ಹಾಡಿದೆ, ಹಲಗಲಿಯ ಹಾಡಿದೆ. ತಮ್ಮವರಿಂದಲೇ ನೇಣಿಗೇರಿದವರನ್ನು ಹೊಗಳುವ ಪದಗಳನ್ನು ಒಬ್ಬ ಇಂಗ್ಲಿಷ್ ಅಧಿಕಾರಿ ಜೋಪಾನವಾಗಿ ಬರೆದಿಟ್ಟನೆಂಬುದು ಎಂಥ ವಿಚಿತ್ರ!

ಇಂಥದೇ ಇನ್ನೊಂದು ವಿಚಿತ್ರವಿದೆ. 1824ರಲ್ಲಿ ಕಿತ್ತೂರಿನಲ್ಲಿ ಥ್ಯಾಕರೆ ಹತನಾದಾಗ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಇಂಗ್ಲಿಷರಲ್ಲಿ ವಾಲ್ಟರ್ ಎಲಿಯಟ್ ಒಬ್ಬರು. ಬಿಡುಗಡೆಯಾದ ಮೇಲೆ ಅವರು ಈ ನಾಡಿನ ಮೇಲೆ ಹಗೆ ಸಾಧಿಸುತ್ತ ಕುಳಿತಿರಲಿಲ್ಲ. ಧಾರವಾಡದ ಸೀಮೆಯಲ್ಲಿ ತಿರುತಿರುಗಿ ಐನೂರಕ್ಕೂ ಹೆಚ್ಚು ಶಾಸನಗಳ ಪ್ರತಿಗಳನ್ನು ಕೂಡಿಹಾಕಿದರು.

ಇಂಥ ವಿಷಯ ಬಂದಾಗ ನಮ್ಮಲ್ಲಿ ಎರಡು ಬಗೆಯ ಮಾತು ಕೇಳುತ್ತೇವೆ. 'ಬ್ರಿಟಿಷರು ಬರದಿದ್ದರೆ ನಮ್ಮ ಇತಿಹಾಸ ನಮಗೇ ತಿಳಿಯುತ್ತಿರಲಿಲ್ಲ' ಎಂಬುದು ಒಂದು. 'ಅವರು ಆಳುವುದಕ್ಕಾಗಿ ತಿಳಿದುಕೊಂಡರು, ಅದರಲ್ಲಿ ಉಪಕಾರವೇನು?' ಎಂಬುದು ಇನ್ನೊಂದು. ನನಗೆ ಎರಡೂ ಅರ್ಧ ಸತ್ಯವೆಂದೇ ತೋರುತ್ತದೆ. ಹಲ್ಬರ್ಟರಂತೆ ಫ್ಲೀಟ್ ಸಾಹೇಬರು ಜನರ ಪರವಾಗಿ ಎಲ್ಲಿಗೂ ಮೊರೆಯೊಯ್ಯಲಿಲ್ಲ. ಅವರು ಆಳುವವರ ಕಡೆಯವರೇ. ಆದರೂ ಅವರ ಬರಹವನ್ನು ಅಲ್ಲಗಳೆಯಲು ಬರುವುದಿಲ್ಲ. ಅವರಿಗೆ ಆಸಕ್ತಿಯಿತ್ತು, ಕಿವಿಯಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಕೇಳಿದ್ದನ್ನು ಬರೆದಿಡುವ ಶಿಸ್ತಿತ್ತು.

ಆದರೆ ಪರದೇಶಿಯ ಕಿವಿಗೂ ಒಂದು ಮೇರೆಯಿದೆ. ಸಾಹೇಬನ ಡೇರೆಯ ಮುಂದೆ ಬಂದು ಡಪ್ಪಿನ ಮೇಲೆ ಹಾಡುವವರು ಗಂಡಸರು. ಬೆಳಗಿನ ಜಾವದಲ್ಲಿ ಒಳಮನೆಯ ಬೀಸುಕಲ್ಲಿನ ಮುಂದೆ ನಮ್ಮ ಅವ್ವಂದಿರು ತವರನ್ನು ನೆನೆದು ಹಾಡಿದ್ದು ಆ ಡೇರೆಯವರೆಗೆ ಹೇಗೆ ಮುಟ್ಟೀತು? ಅದನ್ನು ಕೇಳಲು ಮನೆಯ ಮಗನೇ ಬೇಕಾಯಿತು. ಹಲಸಂಗಿಯ ಗೆಳೆಯರು, ಮಧುರಚೆನ್ನರೂ ಸಿಂಪಿ ಲಿಂಗಣ್ಣನವರೂ ಅವರ ಸಂಗಡಿಗರೂ, ಆ ಹಾಡುಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಹೊರತಂದರು. ಮುಂದೆ ಬಿ. ಎಸ್. ಗದ್ದಗಿಮಠರು ಜನಪದ ಗೀತೆಗಳನ್ನೇ ಕುರಿತು ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. ಹಲಗಲಿಯ ಲಾವಣಿ ಶಾಲೆಯ ಮಕ್ಕಳಿಗೆ ದೊರೆತದ್ದು ಅವರ ಸಂಗ್ರಹದಿಂದ. ಪರದೇಶಿಯು ಆರಂಭಿಸಿದ ಕೆಲಸವನ್ನು ಮನೆಯವರೇ ಕೈಗೆತ್ತಿಕೊಂಡಾಗ ಅದು ಒಳಮನೆಯವರೆಗೂ ಹೋಯಿತು. ನನ್ನ ವಾದವಿಷ್ಟೇ. ಹೊರಗಿನವನಿಂದ ನಾವು ಕಲಿಯಬೇಕಾದದ್ದು ನಮ್ಮ ಬಗ್ಗೆ ಅವನಿಗಿರುವ ಅಭಿಪ್ರಾಯವನ್ನಲ್ಲ. ಅವನ ಆಶ್ಚರ್ಯವನ್ನು, ಅವನ ಟಿಪ್ಪಣಿ ಪುಸ್ತಕವನ್ನು.

ಈಗ ನಿದ್ದೆಗೆಡಿಸಿದ ಸಂಗತಿಗೆ ಬರುತ್ತೇನೆ. 1984ರ ಸುಮಾರಿಗೆ ನಾನು ಬನಹಟ್ಟಿಯಲ್ಲಿ ವಾಸವಾಗಿದ್ದೆ. ರಬಕವಿ-ಬನಹಟ್ಟಿ ಎಂದರೆ ಮಗ್ಗದ ಸಪ್ಪಳದಿಂದಲೇ ಬೆಳಗಾಗುವ ಜೋಡಿ ಊರು. ಆ ವರ್ಷ ಇಂಗ್ಲೆಂಡಿನಿಂದ ಒಬ್ಬ ಹೆಣ್ಣುಮಗಳು ನೇಯ್ಗೆಯನ್ನು ಅಭ್ಯಾಸ ಮಾಡಲು ಬಂದು ನಮ್ಮ ಓಣಿಯಲ್ಲಿ ಎರಡು ತಿಂಗಳು ಇದ್ದಳು. ಜೋಳದ ರೊಟ್ಟಿ ಬಡಿಯಲು ಹೋಗಿ ಅಂಗೈ ಸುಟ್ಟುಕೊಂಡಳು. ಹೊರಡುವವರು 'ಹೋಗುತ್ತೇನೆ' ಎನ್ನದೆ 'ಹೋಗಿ ಬರ್ತೀನಿ' ಎನ್ನುವುದೇಕೆಂದು ಕೇಳಿ ಬರೆದುಕೊಂಡಳು. ಸೀರೆಯ ದಡಿಗಳ ಹೆಸರು, ಸೆರಗನ್ನು ಒಡಲಿಗೆ ಕೂಡಿಸುವ ಕೊಂಡಿಯ ಕೆಲಸ, ಗಂಜಿ ಹಚ್ಚುವ ಹೊತ್ತು, ಯಾವುದನ್ನೂ ಬಿಡಲಿಲ್ಲ. ಓಣಿಯ ಜನರಿಗೆ ಅದೊಂದು ತಮಾಷೆ. 'ಇದನ್ನ ಬರಕೊಳ್ಳಾಕ ಅಷ್ಟು ದೂರದಿಂದ ಬಂದಾಳಲ್ಲ!' ಎಂದು ನಾವೆಲ್ಲ ನಕ್ಕೆವು.

ಅವಳಿಗೆ ಮಗ್ಗದ ಒಂದೊಂದೇ ಭಾಗವನ್ನು ತೋರಿಸಿ ಹೆಸರು ಹೇಳಿಕೊಡುತ್ತಿದ್ದವನು ನನ್ನ ತರಗತಿಯ ಒಬ್ಬ ಹುಡುಗ, ನೇಕಾರರ ಮಗ. ಅದೇ ತಿಂಗಳು ನಾನು ತರಗತಿಯಲ್ಲಿ 'ನನ್ನ ಮನೆ' ಎಂಬ ಪ್ರಬಂಧ ಬರೆಯಿಸಿದ್ದೆ. ಆ ಹುಡುಗ ಮನೆಯ ಮಗ್ಗದ ಬಗ್ಗೆ ಎರಡು ಪುಟ ಬರೆದಿದ್ದ, ಮನೆಯಲ್ಲಿ ಆಡುವ ಮಾತಿನಲ್ಲಿಯೇ. ನಾನು ಕೆಂಪು ಶಾಯಿಯ ಪೆನ್ನು ಹಿಡಿದು 'ಕಂಡಿಕಿ'ಯನ್ನು 'ಕಂಡಿಕೆ' ಮಾಡಿದೆ, 'ಹಣಿಗಿ'ಯನ್ನು 'ಹಣಿಗೆ' ಮಾಡಿದೆ, ಮಗ್ಗದ 'ಕುಣಿ'ಯನ್ನು ಹೊಡೆದು 'ಗುಂಡಿ' ಎಂದು ಬರೆದೆ. ನನಗೇ ಅರ್ಥವಾಗದ ನಾಲ್ಕೈದು ಶಬ್ದಗಳನ್ನು, ಅರ್ಥ ಕೇಳುವ ಗೋಜಿಗೂ ಹೋಗದೆ, ಅಡ್ಡಗೆರೆ ಎಳೆದು ತೆಗೆದುಹಾಕಿದೆ. ಕೆಳಗೆ 'ಭಾಷೆ ಅಶುದ್ಧ' ಎಂದು ಷರಾ ಬರೆದು ಹತ್ತಕ್ಕೆ ಮೂರು ಅಂಕ ಕೊಟ್ಟೆ. ಸಂಜೆ ಅದೇ ಶಬ್ದಗಳನ್ನು ಅದೇ ಹುಡುಗನ ಬಾಯಿಂದ ಕೇಳಿ ಆ ಪರದೇಶಿ ಹೆಣ್ಣುಮಗಳು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದುದನ್ನು ಕಂಡೆ. ಆಗ ನನಗೆ ಏನೂ ಅನ್ನಿಸಲಿಲ್ಲ.

ಕೊರಿಯಾದ ಹುಡುಗ ಬಂದುಹೋದ ಮೇಲೆ ನಾನು ಬನಹಟ್ಟಿಗೆ ಹೋಗಿ ಆ ಹಳೆಯ ವಿದ್ಯಾರ್ಥಿಯನ್ನು ಹುಡುಕಿದೆ. ಕೈಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದು, ಅದನ್ನೂ ಮಾರಿ ಈಗ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಮೊಮ್ಮಕ್ಕಳಿದ್ದಾರೆ. ನಾನು ಅಂದು ಹೊಡೆದುಹಾಕಿದ ಶಬ್ದಗಳನ್ನು ಹೇಳಪ್ಪಾ, ಬರೆದುಕೊಳ್ಳುತ್ತೇನೆ ಎಂದೆ. ಅವನು ಬಹಳ ಹೊತ್ತು ನೆನಪಿಸಿಕೊಂಡ. ಎರಡು ಸಿಕ್ಕವು, ಉಳಿದವು ಸಿಗಲಿಲ್ಲ. "ಅವು ತಪ್ಪು ಅಂತ ನೀವ ಹೇಳಿದ್ರಲ್ರೀ ಸರ್ರ, ಅದಕ್ಕ ಬಿಟ್ಟಬಿಟ್ಟೆ" ಎಂದು ನಗುತ್ತಲೇ ಹೇಳಿದ. ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಅದಕ್ಕೇ ಅದು ಇನ್ನೂ ನೋಯುತ್ತದೆ.

ಆ ಶಬ್ದಗಳು ಇಂದು ಎಲ್ಲಿಯಾದರೂ ಇದ್ದರೆ ಇಂಗ್ಲೆಂಡಿನ ಯಾವುದೋ ಮನೆಯ ಅಟ್ಟದ ಮೇಲಿನ ಒಂದು ಪುಸ್ತಕದಲ್ಲಿರಬೇಕು. ಮುವ್ವತ್ತಕ್ಕೂ ಹೆಚ್ಚು ವರ್ಷ ಕನ್ನಡ ಕಲಿಸಿದ ನನ್ನ ಬಳಿ ಇಲ್ಲ. ಕನ್ನಡವನ್ನು ಕಾಪಾಡುತ್ತಿದ್ದೇನೆಂದು ತಿಳಿದಿದ್ದವನ ಸ್ಥಿತಿ ಇದು.

ಇಂದು ಸೇವೆಯಲ್ಲಿರುವ ಕನ್ನಡ ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ಶುದ್ಧ ಭಾಷೆಯನ್ನು ಅವಶ್ಯ ಕಲಿಸಿರಿ. ಈ ಬರಹವನ್ನು ನಾನೂ ಅದರಲ್ಲಿಯೇ ಬರೆಯುತ್ತಿದ್ದೇನೆ. ಆದರೆ ಮಗು ಮನೆಯಿಂದ ತಂದ ಶಬ್ದಕ್ಕೆ ಗೆರೆ ಎಳೆಯುವ ಮೊದಲು ಅದನ್ನು ಬೇರೊಂದು ಪುಸ್ತಕದಲ್ಲಿ ಬರೆದುಕೊಳ್ಳಿರಿ. ಬನಹಟ್ಟಿಯ ಶಾಲೆಯಲ್ಲಿ ಮಗ್ಗದ ಶಬ್ದಗಳಿರಲಿ, ಮುಧೋಳದ ಕಡೆ ಕಬ್ಬು ಮತ್ತು ಆಲೆಮನೆಯ ಶಬ್ದಗಳಿರಲಿ. ಆಲಮಟ್ಟಿಯ ಹಿನ್ನೀರಿನಲ್ಲಿ ಊರುಗಳನ್ನು ಕಳೆದುಕೊಂಡ ಬೀಳಗಿಯ ಹಿರಿಯರು ಇನ್ನೂ ಇದ್ದಾರೆ; ಮುಳುಗಿದ ಹೊಲಗಳ, ಹಳ್ಳಗಳ, ಬಾವಿಗಳ ಹೆಸರು ಅವರ ನಾಲಗೆಯ ಮೇಲಿದೆ. ಅವರನ್ನು ಕೇಳಲು ಇನ್ನೊಬ್ಬ ಫ್ಲೀಟ್ ಸಾಹೇಬ ಬರುವುದಿಲ್ಲ. ಬರಲಿ ಎಂದು ನಾವು ಕಾಯಲೂಬಾರದು.

ಸುವೊನ್‌ಗೆ ಹೊರಟ ಹುಡುಗನಿಗೆ ನಾನು ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಟ್ಟು ಕಳಿಸಿದೆ. ಅದೇ ಅಂಗಡಿಯಲ್ಲಿ ಇನ್ನೊಂದನ್ನು ನನಗಾಗಿಯೂ ಕೊಂಡಿದ್ದೇನೆ. ಅದರ ಮೊದಲ ಪುಟದಲ್ಲಿ ಸದ್ಯಕ್ಕೆ ಎರಡೇ ಶಬ್ದಗಳಿವೆ.