ಚಿಲ್ಲರೆ ಮಾತು

ಮಕ್ಕಳೇ, ಈ ಸಲ ಕಿವಿಗೆ ಸಿಕ್ಕಿಸಿಕೊಂಡಿರುವುದನ್ನು ಸ್ವಲ್ಪ ತೆಗೆದಿಟ್ಟು ಇದನ್ನು ಓದಿ. ಓದುವುದಕ್ಕೆ ಕಿವಿಯೇಕೆ ಎನ್ನಬೇಡಿ, ನಾನು ಬರೆಯುತ್ತಿರುವುದು ಮಾತಿನ ವಿಷಯ.

ಮಾರ್ಕೆಟ್ಟಿಗೆ, ಹಿಟ್ಟಿನ ಗಿರಣಿಗೆ, ಔಷಧಿ ಅಂಗಡಿಗೆ ಹೋಗಿಬರುವಾಗ ಗುರುತಿಲ್ಲದವರೊಡನೆ ನಾಲ್ಕು ಮಾತಾಡುವುದೆಂದರೆ ನನಗೆ ಬಲು ಇಷ್ಟ. "ಕೊತ್ತಂಬರಿ ಸೊಪ್ಪಿಗೆಂದು ಹೋದವಳು ಸೊಪ್ಪಿನವಳ ಸೊಸೆಯ ಬಾಣಂತನದ ಸುದ್ದಿ ತಂದಳು" ಎಂದು ನಮ್ಮ ಮನೆಯವರು ನಗುತ್ತಾರೆ. ತಂದರೇನಾಯಿತು? ಸೊಪ್ಪನ್ನೂ ತಂದಿರುತ್ತೇನಲ್ಲ!

1993ರಲ್ಲಿ ಮದುವೆಯಾಗಿ ಶಿವಮೊಗ್ಗದಿಂದ ಡೊಂಬಿವಲಿಗೆ ಬಂದಾಗ ನನ್ನ ಬಳಿ ಇಂಗ್ಲಿಷ್ ಬಿ.ಎ. ಪದವಿ ಇತ್ತು. ಷೇಕ್ಸ್‌ಪಿಯರನ ನಾಟಕ ಓದಿ ಬಂದವಳಿಗೆ ಒಂದು ಕಟ್ಟು ಮೆಂತ್ಯ ಸೊಪ್ಪು ಕೇಳಲು ಬಾಯಿಲ್ಲ! ನನಗೆ ಮರಾಠಿ ಕಲಿಸಿದವಳು ಸ್ಟೇಷನ್ ಬಳಿಯ ಭಾಜಿವಾಲಿ. ಕಟ್ಟು ಎಂದರೆ 'ಜುಡಿ', ಕೊತ್ತಂಬರಿ ಎಂದರೆ 'ಕೋಥಿಂಬೀರ್'. ಫೀಸಿಲ್ಲ, ಪರೀಕ್ಷೆಯಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ "ಸುಟ್ಟೆ ದ್ಯಾ" ಎಂದು ಕೂಗಿದರೆ ಕನ್ನಡದ ಕಿವಿಗೆ ಯಾರೋ ಏನನ್ನೋ ಸುಟ್ಟ ಹಾಗೆ ಕೇಳುತ್ತದೆ. ಆತ ಕೇಳುವುದು ಬರೀ ಚಿಲ್ಲರೆ. ಇದನ್ನು ಪಕ್ಕದ ಸೀಟಿನವಳಿಗೆ ವಿವರಿಸಿ ಇಬ್ಬರೂ ನಕ್ಕದ್ದುಂಟು.

ಈ ಚಿಲ್ಲರೆಯೇ ಮಾತಿಗೆ ಒಳ್ಳೆಯ ದಾರಿಯಾಗಿತ್ತು. "ಎರಡು ರೂಪಾಯಿ ನಾಳೆ ಕೊಡಿ ತಾಯಿ" ಎಂದರೆ ನಾಳೆಗೂ ಮಾತು ಉಳಿಯಿತು ಎಂದು ಲೆಕ್ಕ. 2016ರಲ್ಲಿ ಯುಪಿಐ ಬಂತು. ಈಗ ಸೊಪ್ಪಿನ ಬುಟ್ಟಿಯ ಪಕ್ಕದಲ್ಲೂ ಕ್ಯೂಆರ್ ಫಲಕ ಇರುತ್ತದೆ, ಹಣ ಬಂತೆಂದು ಡಬ್ಬಿಯೇ ಕೂಗಿ ಹೇಳುತ್ತದೆ. ಅನುಕೂಲವೇನೋ ನಿಜ, ನಾನೂ ಬಳಸುತ್ತೇನೆ. ಆದರೆ ಡಬ್ಬಿ ಮಾತಾಡುವುದು, ಮನುಷ್ಯರಿಬ್ಬರು ಬಾಯಿ ಮುಚ್ಚಿಕೊಂಡಿರುವುದು ನನಗೆ ಸರಿಬರುವುದಿಲ್ಲ.

ಲೋಕಲ್ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಮೊದಲ ಪ್ರಶ್ನೆ "ಕುಠೆ ಉತರ್ಣಾರ್?" ಎಲ್ಲಿ ಇಳಿಯುತ್ತೀರಿ ಎಂಬ ಕಾಳಜಿ ಬರೀ ಸೀಟಿಗಾಗಿ! ಆದರೆ ಆ ಸೀಟು ನನಗೆಂದು ಗೊತ್ತಾಗಿ ಠಾಣೆ ಬರುವಷ್ಟರಲ್ಲಿ ಅವಳ ಸೀರೆಯ ಬೆಲೆ, ಮಗನ ಪರೀಕ್ಷೆ, ಸೋಲಾಪುರದ ಶೇಂಗಾ ಚಟ್ನಿಯ ಹದ ಎಲ್ಲ ತಿಳಿದಿರುತ್ತದೆ. ಷಿಕಾಗೊ ವಿಶ್ವವಿದ್ಯಾಲಯದ ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ರೈಲಿನಲ್ಲಿ ಅಪರಿಚಿತರನ್ನು ಮಾತಾಡಿಸಿದವರ ಪ್ರಯಾಣ, ಒಬ್ಬರೇ ಸುಮ್ಮನೆ ಕೂತವರದಕ್ಕಿಂತ ಹಿತವಾಗಿತ್ತಂತೆ. ಮೊದಲೇ ಕೇಳಿದಾಗ ಜನ ಇದರ ತದ್ವಿರುದ್ಧ ಊಹಿಸಿದ್ದರಂತೆ. ನಮ್ಮ ಡೊಂಬಿವಲಿ ಫಾಸ್ಟ್‌ನ ಹೆಂಗಸರನ್ನು ಕೇಳಿದ್ದರೆ ಅಷ್ಟು ಶ್ರಮವೇ ಬೇಕಿರಲಿಲ್ಲ.

ತಾಯಂದಿರು ಗಾಬರಿಯಾಗಬೇಡಿ. ಮನೆ ವಿಳಾಸ, ಫೋನ್ ನಂಬರು ಕೊಡಿ ಎಂದು ನಾನು ಹೇಳುತ್ತಿಲ್ಲ. ಎದುರಿನವರ ಧಾಟಿ ಹಿಡಿಸದಿದ್ದರೆ ಎದ್ದು ಬಂದರಾಯಿತು.

ನಮ್ಮ ಕಟ್ಟಡದಲ್ಲಿ ಇಪ್ಪತ್ತೆರಡರ ಹುಡುಗಿಯೊಬ್ಬಳಿದ್ದಾಳೆ. ಚಿಕ್ಕವಳಿದ್ದಾಗ ಒಂದು ಸಮಾರಂಭದಲ್ಲಿ "ಅಪ್ಪ ಬಂತು" ಎಂದಿದ್ದಳು. ಎಲ್ಲರೂ ಗೊಳ್ಳೆಂದು ನಕ್ಕರು. ಅಂದಿನಿಂದ ಕನ್ನಡಿಗರ ನಡುವೆ ಅವಳ ಬಾಯಿಗೆ ಬೀಗ. ಈಚೆಗೆ ಒಂದು ದಿನ ನನ್ನೊಡನೆ ಮಾರ್ಕೆಟ್ಟಿಗೆ ಬಂದಳು. ಅಲ್ಲಿ ಸೊಪ್ಪು ಮಾರುವವಳು ವಿಜಯಪುರದ ಕಡೆಯವಳು. ಅವಳು ಮಗನನ್ನು ಕನ್ನಡದಲ್ಲಿ ಗದರಿಸುವುದು ಕೇಳಿ ಈ ಹುಡುಗಿಗೆ ಏನನ್ನಿಸಿತೋ, "ನೀನು ಸ್ವಲ್ಪ ಕಮ್ಮಿ ಮಾಡು" ಎಂದುಬಿಟ್ಟಳು. ಅಮ್ಮನ ವಯಸ್ಸಿನವಳಿಗೆ ಏಕವಚನ! ಆಕೆಗೆ ಅದೊಂದೂ ಲೆಕ್ಕಕ್ಕೇ ಬರಲಿಲ್ಲ.

"ಇಪ್ಪತ್ತಕ್ಕ ಎರಡು ಕಟ್ಟು ಒಯ್ಯವ್ವಾ. ಯಾವೂರಾಕಿ ನೀನು?"

"ಉಡುಪಿ."

"ಉಡುಪಿ ಜಿಲ್ಲಾ ಗೊತ್ತಾತು, ಹಳ್ಳಿ ಯಾವುದು?"

ಹುಡುಗಿಗೆ ತಿಳಿಯದು. ಅವಳು ಕೂಸಾಗಿದ್ದಾಗಲೇ ಅಜ್ಜಿ ತೀರಿಕೊಂಡು, ಅವರು ಊರಿಗೆ ಹೋಗುವುದೇ ನಿಂತಿತ್ತು.

"ಅಪ್ಪನ ಊರು ಗೊತ್ತಿಲ್ಲೇನ? ಮನಿಗೆ ಹೋಗಿ ಕೇಳಿಕೊಂಡು ಬಾ, ಮುಂದಿನ ವಾರ ನನಗ ಹೇಳಬೇಕು ಮತ್ತ!"

ಅಂದು ರಾತ್ರಿ ಹುಡುಗಿ ಕೇಳಿದಳು. ಸದಾ ಪೇಪರಿನ ಹಿಂದೆ ಮುಖ ಮರೆಸಿಕೊಂಡಿರುವ ಆ ಅಪ್ಪ ಹನ್ನೊಂದರ ತನಕ ಮಾತಾಡಿದರಂತೆ. ಒಂದು ಕಡೆ ಸೌಪರ್ಣಿಕಾ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ರಸ್ತೆ. ಹನ್ನೆರಡನೆಯ ವಯಸ್ಸಿಗೆ ಆ ಊರು ಬಿಟ್ಟು ಬಂದು, ಫೋರ್ಟಿನ ಹೋಟೆಲೊಂದರಲ್ಲಿ ಲೋಟ ತೊಳೆಯುತ್ತ, ಕನ್ನಡದ ರಾತ್ರಿಶಾಲೆಯಲ್ಲಿ ನಿದ್ದೆಗಣ್ಣಿನಲ್ಲೇ ಹತ್ತನೆಯ ತರಗತಿ ಮುಗಿಸಿದ್ದು. ಮಗಳು ಇದೊಂದನ್ನೂ ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ, ಯಾಕೆಂದರೆ ಮನೆಯಲ್ಲಿ ಯಾರು ಯಾರಿಗೆ "ಯಾವೂರು" ಎಂದು ಕೇಳುತ್ತಾರೆ?

ಮರುವಾರ ಅವಳೇ ನನ್ನನ್ನು ಎಳೆದುಕೊಂಡು ಹೋದಳು. ಸೊಪ್ಪಿನವಳು ಇರಲಿಲ್ಲ. ಜಾತ್ರೆಗೆಂದು ಊರಿಗೆ ಹೋಗಿದ್ದಾಳೆಂದು ಪಕ್ಕದ ಈರುಳ್ಳಿಯವನು ಮರಾಠಿಯಲ್ಲಿ ಹೇಳಿದ. ಹುಡುಗಿಯ ಮುಖ ಇಷ್ಟಾಯಿತು. ಆದರೂ ಬಿಡಲಿಲ್ಲ. ಆಕೆ ಬಂದ ಕೂಡಲೇ ತಿಳಿಸಬೇಕೆಂದು "ಮರವಂತೆ, ಮರವಂತೆ" ಎಂದು ಅವನಿಂದ ಮೂರು ಸಲ ಹೇಳಿಸಿ, ಬಾಯಿಪಾಠ ಮಾಡಿಸಿಯೇ ಬಂದಳು.