ಕಪ್ಪು ಪಟ್ಟಿ ಇರಲಿ ಬಿಡಿ

ಹಳೇ ಸಿನಿಮಾ ಅಥವಾ ಸೀರಿಯಲ್ ಹಾಕಿದ್ರೆ ಹಾಸ್ಟೆಲ್ ಟಿವಿಯಲ್ಲಿ ಎಲ್ಲರೂ ದಪ್ಪಗೆ ಕಾಣ್ತಾರೆ. ಹೀರೋ ಮುಖ ಅಗಲ, ಕಾರಿನ ಚಕ್ರ ಮೊಟ್ಟೆ ಆಕಾರ. ಸರಿ ಮಾಡೋಣ ಅಂತ ರಿಮೋಟ್ ತಗೊಂಡ್ರೆ, "ಪಕ್ಕದಲ್ಲಿ ಕಪ್ಪು ಪಟ್ಟಿ ಬರುತ್ತೆ ಮಗಾ, ಬೇಡ" ಅಂತ ಗಲಾಟೆ. ನನ್ನ ಪ್ರಕಾರ ಆ ಪಟ್ಟಿ ಇರಲೇಬೇಕು.

ಲೆಕ್ಕ ಸಿಂಪಲ್. ಹಳೇ ಡಬ್ಬಾ ಟಿವಿಯ ಆಕಾರ 4:3, ಈಗಿನದು 16:9. ಹಳೇ ಚಿತ್ರವನ್ನ ಪರದೆ ತುಂಬ ಎಳೆದ್ರೆ ಅಗಲ ಮಾತ್ರ 33% ಜಾಸ್ತಿಯಾಗುತ್ತೆ. ಝೂಮ್ ಮಾಡಿದ್ರೆ ಮುಖ ಸರಿಯಾಗಿರುತ್ತೆ, ಆದರೆ ಮೇಲೆ-ಕೆಳಗೆ ಸೇರಿ ಚಿತ್ರದ ಕಾಲು ಭಾಗ ಕಟ್. ಪಟ್ಟಿ ಬಿಟ್ಟು ನೋಡಿದ್ರೆ ಪರದೆಯ ಕಾಲು ಭಾಗ ಖಾಲಿ ಇರುತ್ತೆ, ಚಿತ್ರ ಪೂರ್ತಿ ಸಿಗುತ್ತೆ.

ಈ 16:9 ಬಂದಿದ್ದು ಹೇಗೆ ಗೊತ್ತಾ? 1980ರ ದಶಕದಲ್ಲಿ ಕರ್ನ್ಸ್ ಪವರ್ಸ್ ಎಂಬ ಅಮೆರಿಕದ ಎಂಜಿನಿಯರ್, ಬೇರೆ ಬೇರೆ ಸಿನಿಮಾ ಆಕಾರಗಳನ್ನ ಒಂದೇ ವಿಸ್ತೀರ್ಣಕ್ಕೆ ತಂದು ಒಂದರ ಮೇಲೊಂದು ಇಟ್ಟು ನೋಡಿದರು. ಎಲ್ಲವನ್ನೂ ಒಳಗೊಳ್ಳುವ ಆಯತದ ಅನುಪಾತ ಸುಮಾರು 1.77 ಬಂತು. 1.33 ಮತ್ತು 2.35ರ ಜಿಯೊಮೆಟ್ರಿಕ್ ಮೀನ್ ತೆಗೀರಿ, ಅದೇ ಉತ್ತರ. ಅಂದ್ರೆ ಹಳೇ ಚಿತ್ರಕ್ಕೆ ಪಕ್ಕದಲ್ಲಿ, ಸಿನಿಮಾಸ್ಕೋಪ್ ಚಿತ್ರಕ್ಕೆ ಮೇಲೆ-ಕೆಳಗೆ, ಹೆಚ್ಚುಕಮ್ಮಿ ಅಷ್ಟೇ ಖಾಲಿ ಜಾಗ. ಪಟ್ಟಿ ಬರುತ್ತೆ ಅಂತ ಗೊತ್ತಿದ್ದೇ ಮಾಡಿದ ಆಕಾರ ಇದು.

ಹಾಗಾದ್ರೆ ಹಳೇ ಟಿವಿನೇ ವಾಸಿನಾ? 32 ಇಂಚಿನ ಎರಡು ಟಿವಿ ಹೋಲಿಸಿದ್ರೆ 4:3ಕ್ಕೆ ಸುಮಾರು 12% ಹೆಚ್ಚು ವಿಸ್ತೀರ್ಣ ಇದೆ ನಿಜ. ಆದರೆ ಅದರಲ್ಲಿ ಸ್ಕೋಪ್ ಸಿನಿಮಾ ಹಾಕಿದ್ರೆ ಪರದೆಯ 43% ಖಾಲಿ. ಆದ್ದರಿಂದ ವೈಡ್‌ಸ್ಕ್ರೀನೇ ತಗೊಳ್ಳಿ, ಸೈಜ್ ನೋಡಿ ತಗೊಳ್ಳಿ. 32 ಇಂಚಿನ ವೈಡ್ ಟಿವಿಯಲ್ಲಿ ಹಳೇ ಚಿತ್ರ 26 ಇಂಚಿನಷ್ಟೇ ಕಾಣುತ್ತೆ. ಮನೇಲಿ ಅಜ್ಜಿ-ತಾತ ಹಳೇ ಸಿನಿಮಾನೇ ಜಾಸ್ತಿ ನೋಡೋದಾದ್ರೆ 40 ಇಂಚಿಗೆ ಹೋಗೋದು ಒಳ್ಳೇದು.

"ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀಯ?" ಅಂತೀರೇನೋ. ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್' ದೂರದರ್ಶನಕ್ಕಾಗಿ ಮಾಡಿದ್ದು, 4:3 ಕಾಲದ್ದು. ಅದರಲ್ಲಿ ಸ್ವಾಮಿಯ ಅಪ್ಪ ಗಿರೀಶ್ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ. ಇಬ್ಬರೂ ಈಗಿಲ್ಲ. ನಮ್ಮ ವಯಸ್ಸಿನವರು ಇನ್ಮುಂದೆ ಅವರನ್ನ ನೋಡೋದು ಪರದೆ ಮೇಲೆ ಮಾತ್ರ. ಅಲ್ಲೂ ಎಳೆದು ಅಗಲ ಮಾಡಿದ್ರೆ, ಅವರ ಮುಖ ಹೇಗಿತ್ತು ಅನ್ನೋದೇ ನಮಗೆ ತಪ್ಪಾಗಿ ನೆನಪಿರುತ್ತೆ.

ಮುಂದಿನ ಸಲ ಊರಿಗೆ ಹೋದಾಗ ಟಿವಿಯಲ್ಲಿ ಗಡಿಯಾರನೋ ಚಕ್ರನೋ ಕಾಣೋವರೆಗೂ ಕಾಯಿರಿ. ದುಂಡಗಿಲ್ಲ ಅಂದ್ರೆ ಪಿಕ್ಚರ್ ಸೈಜ್ 4:3ಕ್ಕೆ ಹಾಕಿ. ಮುಖ ಸರಿಯಾಗಿ ಚಾನೆಲ್ ಲೋಗೋ ಕಿರಿದಾಯ್ತಾ? ಹಾಗಿದ್ರೆ ಎಳೆದು ಕಳಿಸ್ತಿರೋದು ಚಾನೆಲ್‌ನವರೇ. ಅಪ್ಪ "ಟಿವಿ ಯಾಕೋ ಚಿಕ್ಕದಾಯ್ತು" ಅಂದ್ರೆ ಹತ್ತು ನಿಮಿಷ ಹಾಗೇ ನೋಡೋಕೆ ಹೇಳಿ. ಆಮೇಲೆ ಪಟ್ಟಿ ಕಡೆ ಗಮನ ಹೋಗಲ್ಲ.